ಆಸರೆ ಚಿತ್ರ

ಮನೆ ಮುಳುಗಿ ಒಳಾಂಗಣ ಕ್ರೀಡಾಂಗಣದಲ್ಲಿ ಉಳಿದುಕೊಂಡಿದ್ದ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ತಗಡಿನ ಮನೆ ಕೊಡುವುದಿಲ್ಲವೆಂದು ಪರಿಹಾರ ಮಂಡಳಿ ತೀರ್ಮಾನಿಸಿತು. ಹೋಗಿ ಇರಲು ಅವರಿಗೆ ಬೇರೆ ಜನರಿದ್ದಾರೆ ಎಂಬುದು ಕಾರಣ. ಜನರಿದ್ದಾರೆ ಎಂದು ಮಂಡಳಿಗೆ ತಿಳಿಸಿದ್ದು ನಮ್ಮ ಕಾಲೇಜಿನ ಮಾನವೀಯ ನೆರವು ವಿಭಾಗ. ಆ ಕುಟುಂಬಗಳಲ್ಲಿ ಒಂದು ನನ್ನ ಚಿಕ್ಕಮ್ಮನದು. ಚಿಕ್ಕಮ್ಮನ ಕುಟುಂಬ ಎಂದರೆ ಚಿಕ್ಕಮ್ಮ ಒಬ್ಬಳೇ.

ನಾನು ಆ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. ಏನು ಓದುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖದಲ್ಲಿ ನಗು ಬಂದಿರುತ್ತದೆ. ಸೇರಿದ ಹೊಸತರಲ್ಲಿ ಚಿಕ್ಕಮ್ಮ ಹೊಲಿಗೆ ಮೆಷಿನ್ನಿನಿಂದ ಕಾಲು ತೆಗೆಯದೆಯೇ ಕೇಳಿದ್ದಳು:

"ಏನೇ ಅದು ಚಿನಕುರುಳಿ, ಸಹಾಯ ಮಾಡೋದಕ್ಕೂ ಡಿಗ್ರಿನಾ? ಫೇಲಾದೋರನ್ನ ಏನ್ಮಾಡ್ತಾರೆ, ತೊಂದರೆ ಕೊಡೋ ಕೆಲಸಕ್ಕೆ ಹಾಕ್ತಾರಾ?"

ನಕ್ಕಿದ್ದೆವು. ನಮ್ಮವರಲ್ಲಿ ಚಿನಕುರುಳಿ ಎಂದು ನನ್ನನ್ನು ಕರೆಯುವುದು ಅವಳೊಬ್ಬಳೇ. ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ನೀರು ಬೇಕು, ಶಿಬಿರದಲ್ಲಿ ಕಕ್ಕಸನ್ನು ಎಲ್ಲಿ ಕಟ್ಟಬೇಕು, ಹೆಂಗಸರು ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಯಾಕಿರಬೇಕು, ಮನೆ ಕಳೆದುಕೊಂಡವರ ಎದುರು ಹೇಗೆ ಕೂರಬೇಕು, ಇದನ್ನೆಲ್ಲ ಕಲಿಸುತ್ತಾರೆ ಎಂದು ನಾನು ವಿವರಿಸಿದ್ದೆ. ಅವಳು ದಾರ ಕಚ್ಚಿ ತುಂಡು ಮಾಡುತ್ತಾ, "ಕೂರೋದನ್ನೂ ಕಲಿಸ್ತಾರಾ! ಫೀಸು ದಂಡ ಆಗಲಿಲ್ಲ ಬಿಡು" ಅಂದಿದ್ದಳು.

ಕೂರುವುದನ್ನು ಕಲಿಸಿದ್ದು ಮೇಡಂ. ವಿಭಾಗಕ್ಕೆ ಬರುವ ಮುಂಚೆ ಅವರು ವರ್ಷಗಟ್ಟಲೆ ಶಿಬಿರಗಳಲ್ಲೇ ಕೆಲಸ ಮಾಡಿದವರು. ಅವರ ಕೋಣೆಯಲ್ಲಿ ಮೇಜಿರಲಿಲ್ಲ, ಚಾಪೆ ಇತ್ತು. "ಕುರ್ಚಿ ಮೇಲೆ ಕೂತು ಇನ್ನೊಬ್ಬರ ಸಂಕಟ ಕೇಳಬೇಡಿ" ಎನ್ನುತ್ತಿದ್ದರು. ಅವರು ತೋಳು ಮಡಚಿಕೊಳ್ಳುತ್ತಿದ್ದ ಹಾಗೆ ನಾವೂ ಮಡಚಿಕೊಳ್ಳುತ್ತಿದ್ದೆವು. ನಮ್ಮ ತರಗತಿಯ ಏಣಿ (ಎತ್ತರದ ಹುಡುಗ, ಅವನಿಗೆ ಬೇರೆ ಹೆಸರಿದೆಯೆಂದು ಹಾಜರಿ ಕರೆದಾಗ ಮಾತ್ರ ನೆನಪಾಗುತ್ತಿತ್ತು) ಅವರ ಹಾಗೆಯೇ ಮಾತಿನ ನಡುವೆ ನಿಂತು ಕಣ್ಣು ಮುಚ್ಚುವುದನ್ನೂ ರೂಢಿ ಮಾಡಿಕೊಂಡಿದ್ದ.

"ಏನೇನು ಹೋಯ್ತು ಅಂತ ಕೇಳ್ತಾನೇ ಇದ್ದರೆ ಎದುರಿಗಿರೋ ಮನುಷ್ಯ ಭಿಕ್ಷುಕನಾಗ್ತಾನೆ" ಎಂದು ಮೇಡಂ ಹೇಳುತ್ತಿದ್ದರು. "ಏನು ಉಳಿದಿದೆ ಅಂತ ಕೇಳಿ. ಯಾರು ಉಳಿದಿದ್ದಾರೆ ಅಂತ ಕೇಳಿ. ಆಗ ಅವನ ಬೆನ್ನು ನೆಟ್ಟಗಾಗುತ್ತೆ."

ಅದಕ್ಕಾಗಿ ಅವರದೊಂದು ವಿಧಾನವಿತ್ತು. ಆಸರೆ ಚಿತ್ರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದರ ಸುತ್ತ ಒಂದು ಉಂಗುರ ಬರೆಯುವುದು. ನಡುವೆ ಮನೆ ಕಳೆದುಕೊಂಡವರು ತಮ್ಮನ್ನು ಇಟ್ಟುಕೊಳ್ಳುತ್ತಾರೆ, ಒಂದು ಕಲ್ಲೋ ಬಾಟಲಿ ಮುಚ್ಚಳವೋ ಏನೋ ಒಂದು. ಕಷ್ಟ ಬಂದಾಗ ಕೈ ಹಿಡಿಯುವವರನ್ನು ಸುತ್ತ ಇಡುತ್ತಾರೆ. ಎಷ್ಟು ಆಪ್ತರೋ ಅಷ್ಟು ಹತ್ತಿರ. ಇಡುತ್ತಾ ಇಡುತ್ತಾ ಮಾತು ತಾನಾಗಿ ಬರುತ್ತದೆ. ಮಾತು ಮುಗಿದ ಮೇಲೆ ಅವರ ಎದುರಿಗೇ ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿಬಿಡಬೇಕು. ಒರೆಸದೆ ಎದ್ದು ಬಂದ ವಿದ್ಯಾರ್ಥಿಗೆ ಮೇಡಂ ಸೊನ್ನೆ ಕೊಡುತ್ತಿದ್ದರು. "ಅವರ ಜನ ಅವರದು. ನೀವು ಎತ್ತಿಕೊಂಡು ಬರೋ ಹಾಗಿಲ್ಲ."

ಈ ಮಾತನ್ನು ನಾನು ನಂಬಿದ್ದೆ. ಪರೀಕ್ಷೆಯಲ್ಲಿ ಬರೆಯಲು ಮಾತ್ರವಲ್ಲ, ನಿಜವಾಗಿಯೇ ನಂಬಿದ್ದೆ.

ನೀರು ಬಂತು ಎಂದು ಪತ್ರಿಕೆಗಳು ಬರೆದವು. ನೀರು ತಾನಾಗಿ ಬರಲಿಲ್ಲ. ಅಣೆಕಟ್ಟಿನವರು ಜಲಾಶಯ ತುಂಬಿ ತುಳುಕುವವರೆಗೂ ಗೇಟು ಮುಚ್ಚಿಟ್ಟುಕೊಂಡಿದ್ದು, ಕೊನೆಗೆ ಸೈರನ್ನನ್ನೂ ಊದದೆ ಎತ್ತಿದರು. ತಗ್ಗಿನ ಬೀದಿಯ ಮನೆಗಳಲ್ಲಿ ಮಧ್ಯಾಹ್ನದ ಅಡುಗೆ ಒಲೆಯ ಮೇಲಿತ್ತು. ಅದೇ ಬೀದಿಯಲ್ಲಿದ್ದ ಚಿಕ್ಕಮ್ಮ ಹೊಲಿಗೆ ಮೆಷಿನ್ನಿನ ತಲೆಯನ್ನು ಕಾಲಿನ ಚೌಕಟ್ಟಿನಿಂದ ಬಿಚ್ಚಿ ಎದೆಗವಚಿಕೊಂಡು, ಗುಂಡಿಗಳ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದಳು. ಹಾಗೆಯೇ ನಮ್ಮ ಮನೆಗೆ ಬಂದಳು.

ನಮ್ಮದು ಮಹಡಿಯ ಮೇಲಿನ ಒಂದೇ ಕೋಣೆ. ರಾತ್ರಿ ಪಾಳಿಯ ಅಪ್ಪ ಹಗಲು ಮಲಗುತ್ತಾನೆ, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯ ಅಮ್ಮ ರಾತ್ರಿ ಮಲಗುತ್ತಾಳೆ, ಒಂದೇ ಹಾಸಿಗೆಗೆ ಇಬ್ಬರ ಸರದಿ. ಅಮ್ಮ ಬಾಗಿಲಲ್ಲಿ ನಿಂತಳು. ಬಾಗಿಲು ಪೂರ್ತಿ ತೆರೆಯಲಿಲ್ಲ.

"ಓನರ್ ಒಪ್ಪಲ್ಲ ಕಣೇ" ಅಂದಳು. "ಸದ್ಯಕ್ಕೆ ಎಲ್ಲಾದ್ರೂ ನೋಡ್ಕೋ. ಆಮೇಲೆ ನೋಡೋಣ."

ಚಿಕ್ಕಮ್ಮನ ಬಟ್ಟೆಯಿಂದ ಮೆಟ್ಟಿಲಿಗೆ ನೀರು ತೊಟ್ಟಿಕ್ಕುತ್ತಿತ್ತು. ಅವಳು ಅಕ್ಕನ ಭುಜದ ಮೇಲಿಂದ ನನ್ನನ್ನು ನೋಡಿ, "ಮೆಷಿನ್ ಒದ್ದೆಯಾಗಿಲ್ಲ ಕಣೇ, ನೋಡು" ಅಂದಳು, ಅದನ್ನು ತೋರಿಸಲೆಂದೇ ಬಂದವಳ ಹಾಗೆ. ಇಳಿದು ಹೋದಳು.

ಒಳಾಂಗಣ ಕ್ರೀಡಾಂಗಣದ ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಅಂಕಣಗಳಿದ್ದವು. ಮರದ ನೆಲದ ಮೇಲಿನ ಬಿಳಿ ಗೆರೆಗಳೇ ಮನೆಗಳ ಗೋಡೆಗಳಾದವು. ಸರ್ವೀಸ್ ಮಾಡುವ ಚೌಕದಲ್ಲಿ ಒಂದು ಸಂಸಾರ, ಅದರ ಹಿಂದಿನ ಪಟ್ಟಿಯಲ್ಲಿ ಇನ್ನೊಂದು. ಮೊದಮೊದಲು ಯಾರದೋ ಕಾಲು ಗೆರೆ ದಾಟಿತೆಂದು ಜಗಳಗಳಾದವು. ಚಿಕ್ಕಮ್ಮನಿಗೆ ಸಿಕ್ಕಿದ್ದು ನೆಟ್ ಕಟ್ಟುವ ಕಂಬದ ಪಕ್ಕದ ಜಾಗ. ಕಂಬಕ್ಕೆ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟು ಮರೆ ಮಾಡಿಕೊಂಡಳು. ಪಕ್ಕದ ಅಂಕಣದಲ್ಲಿ ಕೆಲಸ ಬಿಟ್ಟ ಲಾರಿ ಡ್ರೈವರ್ ಮತ್ತವನ ಹೆಂಡತಿ. ದೊಡ್ಡ ಗಂಟಲಿನ ಮನುಷ್ಯ. "ನಾವೆಲ್ಲ ಗೆರೆ ಒಳಗೆ, ನಿಮ್ಮ ಚಿಕ್ಕಮ್ಮ ಕಂಬದ ಮನೆ. ಶ್ರೀಮಂತರ ಬಡಾವಣೆ ಅದು" ಎಂದು ಗೇಲಿ ಮಾಡುತ್ತಿದ್ದ. ಅವನ ಮಗ ದೂರದ ಊರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನಂತೆ, ದಿನಾ ಫೋನ್ ಮಾಡಿ ಬಾ ಬಾ ಅನ್ನುತ್ತಾನಂತೆ, ಇವನೇ ಹೋಗುತ್ತಿಲ್ಲವಂತೆ.

ನಮ್ಮ ವಿಭಾಗವನ್ನು ಮೊದಲಿಗೆ ಅಲ್ಲಿಯ ಜನ ಹತ್ತಿರ ಸೇರಿಸಲಿಲ್ಲ. ಬಂದ ಬಂದವರೆಲ್ಲ ಫೋಟೊ ತೆಗೆದುಕೊಂಡು, ಬಾಳೆಹಣ್ಣು ಹಂಚಿ ಹೋಗಿದ್ದರು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಯಾರನ್ನು ಕಂಡರೂ ಜನ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಆಗ ಮೇಡಂ ನನ್ನನ್ನು ಕರೆದರು.

"ನಿನ್ನ ಚಿಕ್ಕಮ್ಮ ಅಲ್ಲಿದ್ದಾರಂತಲ್ಲ. ಅವರಿಂದಲೇ ಶುರು ಮಾಡು. ಅವರು ಕೂತರೆ ಉಳಿದವರೂ ಕೂರ್ತಾರೆ."

"ನಮ್ಮೋರ ಹತ್ರ ನಾವೇ ಮಾಡಿಸಬಾರದು ಅಂತ ನೀವೇ ಹೇಳಿದ್ರಲ್ಲ ಮೇಡಂ?"

"ಮಾಮೂಲಿ ಹೊತ್ತಲ್ಲಿ ಮಾಡಿಸಬಾರದು. ಇಲ್ಲಿ ನಂಬಿಕೆ ಬೇಕು ಮಗು. ನಂಬಿಕೆ ನಿನ್ನ ಹತ್ರ ಇದೆ, ನನ್ನ ಹತ್ರ ಇಲ್ಲ."

ನನಗೆ ಹೆಮ್ಮೆಯಾಯಿತು. ಮೇಡಂ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದೆ ಎಂದರೆ ಯಾವ ವಿದ್ಯಾರ್ಥಿಗೆ ಹೆಮ್ಮೆಯಾಗುವುದಿಲ್ಲ?

ಕಂಬದ ಪಕ್ಕ ಉಂಗುರಗಳನ್ನು ಬರೆದೆ. ಸುತ್ತ ಜನ ಸೇರಿದರು. ಏಣಿ ಮತ್ತು ತರಗತಿಯ ಬೇರೆಯವರು ನನ್ನ ಹಿಂದೆ ಕೂತರು. ಇದು ಹಾಲಿನ ಬಾಗಿಲು ದಾಟುವುದಿಲ್ಲ, ಆಮೇಲೆ ಒರೆಸಿಬಿಡುತ್ತೇವೆ, ನಿಮ್ಮ ಜನ ನಿಮ್ಮವರು ಎಂದು ಗಟ್ಟಿಯಾಗಿ ಹೇಳಿದೆ. ಚಿಕ್ಕಮ್ಮ ಡಬ್ಬಿ ತೆರೆದಳು. ಕಲ್ಲು ಬೇಡ, ನನ್ನ ಗುಂಡಿಗಳೇ ಇವೆ ಅಂದಳು. ತನ್ನನ್ನು ಅಂಗಿಯ ಚಿಕ್ಕ ಗುಂಡಿಯಾಗಿ ನಡುವೆ ಇಟ್ಟುಕೊಂಡಳು.

"ಇದು ನಾನು. ಎರಡು ತೂತಿನ ಬಡವಿ."

ಜನ ನಕ್ಕರು. ತನ್ನ ಹಳೇ ಗಿರಾಕಿಯಾದ ಶಾಲೆಯ ಟೀಚರೊಬ್ಬರನ್ನು ದೂರದ ಉಂಗುರದಲ್ಲಿಟ್ಟಳು. ತಗ್ಗಿನ ಬೀದಿಯ ಪಕ್ಕದ ಮನೆಯವಳನ್ನು ಇನ್ನೂ ಸ್ವಲ್ಪ ಒಳಗೆ ಇಟ್ಟಳು. ಆಮೇಲೆ ಡಬ್ಬಿಯಲ್ಲಿ ಬೆರಳಾಡಿಸಿ ಕೋಟಿನ ದೊಡ್ಡ ಕಂದು ಗುಂಡಿಯನ್ನು ತೆಗೆದಳು.

"ಇದು ನಮ್ಮಕ್ಕ."

ಅವಳು ಒಮ್ಮೆ ನನ್ನನ್ನು ನೋಡಿದಳು, ನನ್ನ ಹಿಂದೆ ಕೂತಿದ್ದ ನನ್ನ ಜೊತೆಗಾರರನ್ನೂ ನೋಡಿದಳು. ಗುಂಡಿಯನ್ನು ತನ್ನ ಗುಂಡಿಗೆ ತಾಗಿಸಿ ಇಟ್ಟಳು.

"ಅವಳ ಮನೆ ಬಾಗಿಲು ನನಗೆ ಯಾವತ್ತೂ ತೆರೆದೇ ಇರುತ್ತೆ. ನಾನೇ ಹೋಗಿಲ್ಲ. ಸ್ವಾಭಿಮಾನ, ನೋಡಿ."

ತಲೆ ತಗ್ಗಿಸಿ ಸೀಮೆಸುಣ್ಣದ ಪುಡಿಯನ್ನು ಊದಿದೆ. ಜೊತೆಗಾರರ ಮುಂದೆ ನನ್ನ ಮರ್ಯಾದೆ ಉಳಿಸಲು ಅವಳು ನನ್ನ ತಾಯಿಯನ್ನು ಹತ್ತಿರ ಎಳೆದುಕೊಂಡಿದ್ದಳು. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಾಗಬೇಕಿರಲಿಲ್ಲ. ಹೇಗೂ ಒರೆಸುತ್ತೇವಲ್ಲ.

ಅವಳು ಕೂತ ಮೇಲೆ ಎಲ್ಲರೂ ಕೂತರು. ಒಬ್ಬರನ್ನು ನೋಡಿ ಒಬ್ಬರು ಅಣ್ಣಂದಿರನ್ನು, ಮಾವಂದಿರನ್ನು, ನಾದಿನಿಯರನ್ನು ಒಳಗೆ ಒಳಗೆ ಇಡುತ್ತಾ ಹೋದರು. ಹಾಲಿನ ತುಂಬಾ ಎಲ್ಲರ ನೆಂಟರೂ ಬಂದು ಕೂತ ಹಾಗಾಯಿತು. ಡ್ರೈವರ್ ತನ್ನ ಮಗನನ್ನು ಹೊಳೆಯುವ ಬಾಟಲಿ ಮುಚ್ಚಳವಾಗಿ ಇಟ್ಟು, "ನಮ್ಮ ಹುಡುಗ ಕಾರು ಕಳಿಸ್ತೀನಿ ಅಂತಾನೆ. ನಾನು ಲಾರಿ ಓಡಿಸಿದೋನು, ಇನ್ನೊಬ್ಬ ಓಡಿಸೋ ಕಾರಲ್ಲಿ ಕೂರಲ್ಲ ಅಂದೆ" ಅಂದ. ಮನೆ ಮುಳುಗಿದವರಿಗೆ ತೋರಿಸಿಕೊಳ್ಳಲು ಬೇರೇನೂ ಉಳಿದಿರಲಿಲ್ಲ. ಜನರನ್ನು ತೋರಿಸಿಕೊಂಡರು.

ಮೇಡಂ ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿ ನಿಂತಿದ್ದರು. ನಮ್ಮ ಕೆಲಸ ನೋಡುತ್ತಿದ್ದಾರೆಂದು ನಾವು ಬೆನ್ನು ನೆಟ್ಟಗೆ ಮಾಡಿಕೊಂಡೆವು. ಮುಗಿದ ಮೇಲೆ ಬಕೆಟ್ಟು ತಂದು ಎಲ್ಲವನ್ನೂ ಒರೆಸಿದೆವು. ಒಂದು ಉಂಗುರವನ್ನೂ ಬಿಡಲಿಲ್ಲ.

ಮಂಡಳಿಯ ಸೂಚನೆಯನ್ನು ಹಾಲಿನ ಬಾಗಿಲಿಗೆ ಅಂಟಿಸಿದ ದಿನ ಚಿಕ್ಕಮ್ಮ ಫೋನ್ ಮಾಡಿ, "ಬಾ" ಎಂದಷ್ಟೇ ಹೇಳಿ ಇಟ್ಟಳು.

ಒಳಗೆ ಕಾಲಿಟ್ಟ ಕೂಡಲೇ ಡ್ರೈವರಿನ ಗಂಟಲು ಕೇಳಿಸಿತು. "ಬಂದ್ರಪ್ಪ, ಚಿತ್ರ ಬರೆಸೋರು ಬಂದ್ರು! ಎಲ್ರೂ ನಿಮ್ಮ ನಿಮ್ಮ ನೆಂಟರನ್ನ ಬಚ್ಚಿಟ್ಕೊಳ್ಳಿ!"

ಯಾರೂ ನಗಲಿಲ್ಲ. ಮೊನ್ನೆ ನನಗೆ ಜಾಗ ಬಿಟ್ಟುಕೊಟ್ಟಿದ್ದ ಹೆಂಗಸು ಹಾಸಿಗೆಯನ್ನು ಎಳೆದು ದಾರಿ ಮುಚ್ಚಿದಳು. ಸುತ್ತು ಬಳಸಿ ಕಂಬದ ಹತ್ತಿರ ಹೋದೆ. ಚಿಕ್ಕಮ್ಮ ಮೆಷಿನ್ನಿನ ತಲೆಗೆ ಎಣ್ಣೆ ಬಿಡುತ್ತಿದ್ದಳು.

"ನಾನು ನಿಮ್ಮಮ್ಮನ ಮನೆಗೆ ಹೋಗ್ಬೇಕಂತೆ ಕಣೇ. ಮಂಡಳಿಯೋರು ನಿರ್ಧಾರ ಮಾಡಿದಾರೆ. ನಿಮ್ಮಮ್ಮನ್ನೂ ಕೇಳಿಲ್ಲ, ನನ್ನನ್ನೂ ಕೇಳಿಲ್ಲ. ಎಷ್ಟು ಮುತುವರ್ಜಿ ನೋಡು."

ಅವಳು ಎಣ್ಣೆಯ ಬಟ್ಟೆ ಕೆಳಗಿಟ್ಟಳು.

"ನಿನಗೆ ಗೊತ್ತಿದ್ದೇ ಮಾಡಿದ್ಯಾ?"

"ಇಲ್ಲ ಚಿಕ್ಕಮ್ಮ."

"ಸರಿ."

"ನನ್ನನ್ನ ನಂಬ್ತೀಯಾ?"

"ನಂಬಿದ್ದಕ್ಕೇ ಹೀಗಾಗಿರೋದು. ಅದನ್ನ ಇನ್ನೊಂದು ಸಲ ಕೇಳ್ಬೇಡ."

ಚಿನಕುರುಳಿ ಎಂದು ಅವಳು ಅವತ್ತು ಕರೆಯಲಿಲ್ಲ. ತಲೆಯೆತ್ತಿ ಹಾಲನ್ನು ನೋಡಿದೆ. ನಾವು ಒರೆಸಿದ್ದ ನೆಲ ಸ್ವಚ್ಛವಾಗಿತ್ತು. ಹಾಗಾದರೆ ಮಂಡಳಿಗೆ ಹೇಗೆ ಗೊತ್ತಾಯಿತು? ತಲೆಯನ್ನು ಇನ್ನೂ ಮೇಲೆತ್ತಿದಾಗ ಗ್ಯಾಲರಿ ಕಂಡಿತು. ಅಲ್ಲಿ ನಿಂತರೆ ಇಡೀ ಹಾಲ್ ಅಂಗೈಯಷ್ಟೇ. ಎಲ್ಲ ಉಂಗುರಗಳೂ, ಎಲ್ಲರ ಜನರೂ ಒಂದೇ ನೋಟಕ್ಕೆ ಸಿಗುತ್ತಾರೆ.

ಮೇಡಂ ತಮ್ಮ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದರು. ಕೂತುಕೋ ಎಂದು ಕೈ ತೋರಿಸಿದರು. ನಾನು ನಿಂತೇ ಇದ್ದೆ.

"ಮೇಲಿಂದ ಫೋಟೊ ತೆಗೆದು, ಜನ ಅಂದಿದ್ದನ್ನೂ ಬರ್ಕೊಂಡು ಮಂಡಳಿಗೆ ಕೊಟ್ರಾ ಮೇಡಂ?"

"ಹೌದು."

ಇಲ್ಲ ಅನ್ನುತ್ತಾರೆಂದು ಎಣಿಸಿದ್ದೆ. ಇಲ್ಲ ಅಂದಿದ್ದರೆ ಜಗಳವಾಡಲು ಸುಲಭವಾಗುತ್ತಿತ್ತು.

"ಅಳಿಸ್ತೀವಿ ಅಂತ ಜನಕ್ಕೆ ಹೇಳಿದ್ವಿ."

"ಅಳಿಸಿದಿರಲ್ಲ. ನೆಲದ ಮೇಲಿದ್ದದ್ದನ್ನ ನೀವು ಅಳಿಸಿದಿರಿ. ನೀವ್ಯಾರೂ ಸುಳ್ಳು ಹೇಳಿಲ್ಲ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಕೇಳು. ತಗಡಿನ ಮನೆಗಳು ಅರ್ಧ ಜನಕ್ಕೂ ಸಾಲಲ್ಲ. ಯಾರಿಗೆ ಕೊಡೋದು ಅಂತ ಯಾರಾದರೂ ಆರಿಸಲೇಬೇಕು. ಮಂಡಳಿಯವರನ್ನೇ ಆರಿಸೋಕೆ ಬಿಟ್ಟಿದ್ದರೆ ಏನಾಗ್ತಿತ್ತು? ಅವರವರ ಕಡೆಯೋರಿಗೆ ಹಂಚ್ತಿದ್ರು. ಹಾಸಿಗೆ ಹಿಡಿದ ಮುದುಕಿ ಹೊರಗೆ, ಗಟ್ಟಿ ಗಂಟಲಿನೋನು ಒಳಗೆ. ಎಷ್ಟು ಕಡೆ ಕಣ್ಣಾರೆ ನೋಡಿದೀನಿ ನಾನು. ಅದಕ್ಕಿಂತ, ನಿಜವಾಗಿ ಯಾರೂ ಇಲ್ಲದೋರಿಗೆ ಕೊಡೋದು ನ್ಯಾಯ ಅಲ್ವಾ?"

ನನ್ನ ತಲೆ ಹೌದೆಂದು ಅಲ್ಲಾಡಲಿತ್ತು. ಇಷ್ಟು ವರ್ಷ ಆ ದನಿಗೆ ತಲೆಯಾಡಿಸುವುದನ್ನೇ ಅಭ್ಯಾಸ ಮಾಡಿತ್ತು ಅದು.

"ಹಾಗಾದ್ರೆ ಇದು ಮನೆ ಕೊಡೋದಕ್ಕೆ ಅಂತ ಮೊದಲೇ ಅವರಿಗೆ ಹೇಳಬೇಕಿತ್ತು."

"ಹೇಳಿದ್ದರೆ ನಿಜ ಹೇಳ್ತಿದ್ರಾ?"

"ಈಗ ಹೇಳಿರೋದು ನಿಜ ಅಂತ ನಿಮಗೆ ಯಾರು ಹೇಳಿದ್ರು?"

ಮೇಡಂ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. "ನಿನ್ನ ಚಿಕ್ಕಮ್ಮ ಸುಳ್ಳು ಇಟ್ಟರಾ?"

ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಹೌದು ಅಂದರೆ ಅರ್ಧ ತೆರೆದ ಬಾಗಿಲನ್ನು, ಅದರಲ್ಲಿ ನಿಂತ ಅಮ್ಮನನ್ನು ಈ ಕೋಣೆಗೆ ಎಳೆದು ತಂದ ಹಾಗೆ. ಮಾತು ಬದಲಿಸಿದೆ.

"ಅವರ ಮನೆ ಮುಳುಗಿಸಿದ್ದು ಗೇಟು ಎತ್ತಿದೋರು ಮೇಡಂ. ಯಾರೂ ಇಲ್ಲ ಅಂತ ಅಳೋರಿಗೆ ಮಾತ್ರ ಯಾಕೆ ಕೊಡ್ಬೇಕು? ಮುಳುಗಿದ ಅಷ್ಟೂ ಮನೆಗೆ ಮನೆ ಕೊಡ್ಬೇಕಲ್ವಾ?"

"ಅದು ಕೋರ್ಟಿನ ಮಾತು. ನಮ್ಮದು ನೆರವು."

ಮೂರು ವರ್ಷ ಕಲಿತ ವಿದ್ಯೆಯ ಬುಡದಲ್ಲಿ ಇದ್ದದ್ದು ಈ ಒಂದು ಮಾತು. ಮೊದಲ ದಿನವೇ ಹೇಳಿಬಿಟ್ಟಿದ್ದರೆ ಬೇರೆ ಏನಾದರೂ ಓದುತ್ತಿದ್ದೆ.

ಅವರು ಎದ್ದು ನನ್ನ ಭುಜದ ಮೇಲೆ ಕೈಯಿಟ್ಟರು. ಕೈ ಹಗುರವಾಗಿಯೇ ಇತ್ತು, ಪ್ರೀತಿಯದೇ ಇರಬೇಕು. "ತಕರಾರು ಇರೋರಿಗೆ ಇನ್ನೊಂದು ಅವಕಾಶ ಕೊಡಿ ಅಂತ ಮಂಡಳಿಯನ್ನ ಒಪ್ಪಿಸಿದೀನಿ. ಅಧಿಕಾರಿ ಎದುರಿಗೆ ಮತ್ತೆ ಚಿತ್ರ ಬರೆಸೋಣ. ಈ ಸಲ ಜನ ಸರಿಯಾಗಿ ಇಡಲಿ. ನಿನ್ನ ಚಿಕ್ಕಮ್ಮಂದನ್ನ ನೀನೇ ಬರೆಸು. ಮುಗಿದ ಮೇಲೆ ನಿನ್ನ ಪ್ರಾಯೋಗಿಕ ಪರೀಕ್ಷೆಯೂ ಅದೇ ಅಂತ ಬರೆದು ಕಳಿಸ್ತೀನಿ. ಅದಿಲ್ಲದೆ ಡಿಗ್ರಿ ನಿಲ್ಲುತ್ತೆ, ಗೊತ್ತಲ್ಲ? ಸಿಟ್ಟಲ್ಲಿ ಇಬ್ಬರನ್ನೂ ಹಾಳು ಮಾಡ್ಬೇಡ."

ಅಮ್ಮ ಲಾಂಡ್ರಿಯಿಂದ ಬಂದವಳು ಕಾಲು ಚಾಚಿ ಕೂತಿದ್ದಳು. ಸೋಪಿನ ನೀರಿಗೆ ಅವಳ ಬೆರಳುಗಳು ಸುಕ್ಕಾಗಿದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಂದು ಗುಂಡಿಯ ವಿಷಯಕ್ಕೆ ಬಂದಾಗ ಅವಳು ತಡೆದಳು.

"ತಾಗಿಸಿ ಇಟ್ಟಳಾ?"

"ಹೂಂ."

"ಬಾಗಿಲು ತೆರೆದಿರುತ್ತೆ ಅಂದಳಾ?"

"ಹೂಂ."

ಅಮ್ಮ ಸುಕ್ಕಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ನಾನು ಓನರ್‌ನ ಕೇಳೇ ಇರಲಿಲ್ಲ ಕಣೇ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಕೇಳಿದ್ರೆ ಬೇಡ ಅಂತಾನೆ, ಬೇಡ ಅನ್ನೋದಲ್ದೆ ಬಾಡಿಗೆ ಏರಿಸ್ತಾನೆ, ನಮ್ಮನ್ನೂ ಖಾಲಿ ಮಾಡಿ ಅಂತಾನೆ, ಹಿಂಗೆಲ್ಲ ನಾನೇ ಅನ್ಕೊಂಡೆ. ಅವನ ಬಾಯಿಂದ ಬರೋ ಮೊದಲೇ ನನ್ನ ಬಾಯಿಂದ ಬಂದ್ಬಿಡ್ತು. ಆಮೇಲೆ ಹೆಂಗೆ ವಾಪಸ್ ತಗೊಳ್ಳೋದು?"

ನಾನು ಸಿಟ್ಟಾಗಬೇಕಿತ್ತು. ಆದರೆ ಸಿಟ್ಟನ್ನು ಯಾರ ಮೇಲೆ ಇಡಲಿ ಎಂದು ಗೊತ್ತಾಗಲಿಲ್ಲ. ನಾಲ್ಕು ಗೋಡೆಯೊಳಗೆ ಒಂದು ಹಾಸಿಗೆಯನ್ನು ಹಗಲು ರಾತ್ರಿಗೆ ಹಂಚಿಕೊಂಡವಳ ಬಾಯಲ್ಲಿ ಓನರ್ ಮಾತಾಡಿದ್ದ. ಗೇಟು ಎತ್ತಿದವರು ಮಾತ್ರ ಯಾರ ಬಾಗಿಲಲ್ಲೂ ನಿಂತು ಮುಖ ತಗ್ಗಿಸಿರಲಿಲ್ಲ.

"ನೋಡು" ಅಮ್ಮ ಅಂದಳು. "ಆ ಗುಂಡಿನ ಆಚೆ ಇಡೋಕೆ ಹೇಳು ಅವಳಿಗೆ. ನಮ್ಮಕ್ಕ ಬಾಗಿಲಿಂದಲೇ ಕಳಿಸಿದ್ಲು ಅಂತ ಎಲ್ಲರ ಮುಂದೆ ಹೇಳಲಿ. ನಾನೇ ಹೇಳು ಅಂದೆ ಅಂತ ಹೇಳು. ಮನೆ ಸಿಗಲಿ ಅವಳಿಗೆ. ನನ್ನ ಮುಖ ಏನು, ಲಾಂಡ್ರಿ ಹಬೆಲಿ ಯಾರಿಗೂ ಕಾಣಲ್ಲ."

ಎರಡನೆಯ ಸಲ ಚಿತ್ರ ಬರೆಸಿದ ದಿನ ಹಾಲಿಗೆ ಒಂದು ಮೇಜು ಬಂದಿತ್ತು, ಅದರ ಹಿಂದೆ ಕುರ್ಚಿ, ಕುರ್ಚಿಯಲ್ಲಿ ಮಂಡಳಿಯ ಅಧಿಕಾರಿ. ಮೇಡಂ ಅವರ ಪಕ್ಕ ನಿಂತಿದ್ದರು. ಈ ಸಲ ಮೇಲಿನ ಗ್ಯಾಲರಿಗೆ ಹೋಗುವ ಅಗತ್ಯವಿರಲಿಲ್ಲ.

ಮೊದಲು ಡ್ರೈವರ್ ಮತ್ತವನ ಹೆಂಡತಿ. ಏಣಿ ಉಂಗುರ ಬರೆದ. ಬರೆಯುವಾಗ ಯಾರ ಮುಖವನ್ನೂ ನೋಡಲಿಲ್ಲ. ಮಗನನ್ನು ಎಲ್ಲಿ ಇಡುತ್ತೀರಿ ಎಂದು ಸಣ್ಣ ದನಿಯಲ್ಲಿ ಕೇಳಿದ.

ಡ್ರೈವರ್ ಬಾಟಲಿ ಮುಚ್ಚಳವನ್ನು ಒಳಗಿನ ಉಂಗುರದಲ್ಲಿ ಇಟ್ಟ. ತೆಗೆದ. ಹೊರಗಿನದರಲ್ಲಿ ಇಟ್ಟ.

"ಅಂದ್ರೆ ಏನು?" ಅಧಿಕಾರಿ ಕೇಳಿದರು. "ಬಾಯಲ್ಲಿ ಹೇಳಿ. ಜೋರಾಗಿ."

"ಅವನು ಫೋನ್ ಮಾಡಲ್ಲ ಸ್ವಾಮಿ."

"ದಿನಾ ಮಾಡ್ತಾನೆ ಅಂದಿದ್ರಂತೆ?"

"ಅಂದಿದ್ದೆ." ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ. "ಮದುವೆಯಾದ ಮೇಲೆ ಒಂದು ಸಲಾನೂ ಮಾಡಿಲ್ಲ. ನಂಬರೂ ಬದಲಾಯಿಸಿದಾನೆ."

ಹೆಂಡತಿ ಟವೆಲನ್ನು ಬಾಯಿಗೆ ಒತ್ತಿಕೊಂಡಳು. ಸುತ್ತ ಕೂತವರು ಅವರ ಮೇಲಿಂದ ಕಣ್ಣು ತೆಗೆದರು. ದಿನಾ ಸಂಜೆ ಅವನು ಫೋನ್ ಕಿವಿಗಿಟ್ಟುಕೊಂಡು ಹಾಲಿನ ಹೊರಗೆ ಹೋಗುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಎಲ್ಲರಿಗೂ ಗೊತ್ತಿದ್ದಿರಬೇಕು. ಗೊತ್ತಿದ್ದೂ ಆ ಮಗನನ್ನು ಅವನಿಗೆ ಬಿಟ್ಟುಕೊಟ್ಟಿದ್ದರು. ಅಧಿಕಾರಿ ತಲೆಯಾಡಿಸಿ, "ಸರಿ, ನಿಮಗೆ ಮನೆ ಆಯ್ತು" ಅಂದರು. ಡ್ರೈವರ್ ಏಳಲು ಹೋಗಿ ನೆಲಕ್ಕೆ ಕೈಯೂರಿದ.

"ಮನೆ ಬಂತು ಕಣೇ" ಎಂದು ಹೆಂಡತಿಗೆ ಹೇಳಿದ. "ಇಷ್ಟು ದಿನ ಮಗ ಆದ್ರೂ ಇದ್ದ."

"ಮುಂದಿನವರು" ಮೇಡಂ ಅಂದರು. ನನ್ನ ಕೈಗೆ ಸೀಮೆಸುಣ್ಣ ಬಂತು.

ಕಂಬದ ಪಕ್ಕ ಮೊಣಕಾಲೂರಿ ಉಂಗುರಗಳನ್ನು ಬರೆದೆ. ಚಿಕ್ಕಮ್ಮ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬಗ್ಗಿದವಳು ಹಾಗೆಯೇ ಅವಳಿಗಷ್ಟೇ ಕೇಳುವ ಹಾಗೆ ಅಂದೆ:

"ಅಮ್ಮ ಹೇಳಿ ಕಳಿಸಿದಾಳೆ. ಅವಳನ್ನ ದೂರ ಇಡ್ಬೇಕಂತೆ. ಬಾಗಿಲಿಂದ ಕಳಿಸಿದ್ಲು ಅಂತ ಹೇಳ್ಬೇಕಂತೆ. ಅವಳೇ ಹೇಳು ಅಂದ್ಲು."

ಚಿಕ್ಕಮ್ಮನ ಕೈ ಡಬ್ಬಿಯೊಳಗೆ ನಿಂತಿತು. "ಅವಳೇ ಅಂದಳಾ?"

"ಹೂಂ."

"ಹುಚ್ಚಿ" ಅಂದಳು. ಅವಳ ಮುಖದಲ್ಲಿ ಏನೋ ಸಡಿಲವಾಯಿತು. "ಅಷ್ಟಾದ್ರೂ ಅಂದಳಲ್ಲ."

ಚಿಕ್ಕ ಗುಂಡಿಯನ್ನು ನಡುವೆ ಇಟ್ಟಳು. ಕಂದು ಗುಂಡಿ ತೆಗೆದು, ಒಂದು ಗಳಿಗೆಯೂ ಯೋಚಿಸದೆ, ಅದಕ್ಕೆ ತಾಗಿಸಿ ಇಟ್ಟಳು.

ಮೇಡಂ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. "ಅಮ್ಮ, ಇವತ್ತು ಇಡೋದು ಮನೆಗಾಗಿ. ನಿಜ ಇಟ್ಟರೆ ನಿಮಗೆ ಮನೆ ಸಿಗುತ್ತೆ."

"ನಿಜಾನೇ ಇಟ್ಟಿದೀನಿ."

"ಹಾಗಾದ್ರೆ ಅಕ್ಕನ ಮನೆಗೆ ಹೋಗ್ರಮ್ಮ, ತೊಂದರೆ ಏನು?" ಅಧಿಕಾರಿ ಮೇಜಿನ ಹಿಂದಿನಿಂದ ಕೇಳಿದರು.

"ಅಕ್ಕ ಹತ್ತಿರದೋಳಾದ್ರೆ ಅವಳ ಮನೆ ನಂದಾಗುತ್ತಾ ಸ್ವಾಮಿ? ನನ್ನ ಮನೆ ತಗ್ಗಿನ ಬೀದೀಲಿತ್ತು. ಅದನ್ನ ಕೇಳ್ತಿದೀನಿ. ಅಕ್ಕನ್ನ ಯಾಕೆ ಬಿಟ್ಕೊಡ್ಲಿ?"

ಡ್ರೈವರ್ ತಲೆಯೆತ್ತಿ ನೋಡಿದ. ಹಾಲಿನಲ್ಲಿ ಅಲ್ಲಲ್ಲಿ ಗುಸುಗುಸು ಎದ್ದಿತು. ಅಧಿಕಾರಿ ಕೈಗಡಿಯಾರ ನೋಡಿಕೊಂಡು ಮೇಡಂ ಕಡೆ ಹುಬ್ಬು ಹಾರಿಸಿದರು. ಮೇಡಂ ನನ್ನ ಕಿವಿಯ ಹತ್ತಿರ ಬಾಗಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಅತ್ಯಂತ ಒಳ್ಳೆಯ ಪಾಠ ಮಾಡುವಾಗಿನ ದನಿಯೇ ಅದು.

"ಅವರು ಹಟ ಹಿಡಿದಿದ್ದಾರೆ. ನೀನು ಮನೆಯವಳು, ನಿಜ ಏನು ಅಂತ ನಿನಗೆ ಗೊತ್ತು. ಆ ಗುಂಡಿ ತೆಗೆದು ಎಲ್ಲಿರಬೇಕೋ ಅಲ್ಲಿ ನೀನೇ ಇಡು. ಕಾರಣ ಹೇಳು, ಬರ್ಕೊಳ್ತಾರೆ. ನಿನ್ನ ಚಿಕ್ಕಮ್ಮನಿಗೆ ಇವತ್ತೇ ಮನೆ. ನಿನಗೂ ಇವತ್ತೇ ಮುಗಿಯುತ್ತೆ. ಬೇಗ ಇಡು."

ಚಿಕ್ಕಮ್ಮ ನನ್ನನ್ನು ತಡೆಯಲಿಲ್ಲ. ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದಳು. ಒಂದು ಗುಂಡಿ ಸರಿಸಿದರೆ ಅವಳಿಗೆ ಸೂರು. ಸರಿಸಲು ಅಮ್ಮನ ಒಪ್ಪಿಗೆಯೂ ಇತ್ತು. ನಾನು ಸೀಮೆಸುಣ್ಣವನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಬಂದು ಚಿಕ್ಕಮ್ಮನ ಪಕ್ಕ, ಅವಳ ಹಾಸಿಗೆಯ ಮೇಲೆ ಕೂತೆ.

"ಏನಿದು? ಎದ್ದು ಬಾ ಈ ಕಡೆ" ಮೇಡಂ ಅಂದರು. "ಇಡು ಅಂದೆ."

"ನೀರು ಬಿಟ್ಟಿದ್ದು ನಮ್ಮಮ್ಮ ಅಲ್ಲ ಮೇಡಂ" ಅಂದೆ. "ನಾನು ಇಡಲ್ಲ."